ನೀಲಗಂಗಮ್ಮ ಕಟ್ಟಿದ ಹಿಂದಿನ ಗಾಲಿ

ಕೊಟ್ಟೂರಿನ ವೀರಭದ್ರಯ್ಯನವರು ವರ್ಷವೆಲ್ಲ ಪಂಕ್ಚರ್ ಹಾಕಿ, ಚೈನು ಬಿಗಿದು ದಿನ ಕಳೆಯುವವರು. ಆದರೆ ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಅವರ ಕೈ ಬೇರೆ ಕೆಲಸ ಬೇಡುತ್ತಿತ್ತು. ಯಾರದಾದರೂ ಹಳೆಯ ಸೈಕಲ್ಲನ್ನು ಪಡಸಾಲೆಗೆ ತಂದುಕೊಂಡು, ಪೂರ್ತಿ ಬಿಚ್ಚಿ, ಸಂಕ್ರಾಂತಿಯ ಹೊತ್ತಿಗೆ ಹೊಸದನ್ನೇ ಕಟ್ಟಿ ನಿಲ್ಲಿಸುತ್ತಿದ್ದರು. ಒಂದು ವರ್ಷ ಹಾಲಿನವರ ಸೈಕಲ್ಲಿಗೆ ಮೂರನೆಯ ಗಾಲಿ ಕೂಡಿಸಿದ್ದರು. ಇನ್ನೊಂದು ವರ್ಷ ಗಿಡ್ಡ ಮಾಸ್ತರರೊಬ್ಬರಿಗಾಗಿ ಫ್ರೇಮನ್ನೇ ಕತ್ತರಿಸಿ ತಗ್ಗಿಸಿದ್ದರು.

ಕಳೆದ ಚಳಿಗಾಲದ ಸೈಕಲ್ ಅಮೃತಾಳದು. ಸುತ್ತಲ ಹಳ್ಳಿಗಳಿಗೆ ಅಂಚೆ ಹಂಚುವ ಹುಡುಗಿ. ದಿಬ್ಬ ಹತ್ತುವಾಗ ಮೊಣಕಾಲು ನೋಯುತ್ತದೆ ಎಂದಿದ್ದಳು.

"ಗೇರ್ ಕೂಡಿಸಿ ಕೊಡ್ತೀನಿ ಬಿಡವ್ವ," ಎಂದಿದ್ದರು ವೀರಭದ್ರಯ್ಯ. "ದಿಬ್ಬ ಹತ್ತಿದ್ದ ನಿನಗ ಗೊತ್ತಾಗಬಾರ್ದು."

ಹರಪನಹಳ್ಳಿಗೆ ಹೋಗಿ ಗೇರಿನ ಸಾಮಾನು ತಂದರು. ಸೈಕಲ್ ಬಿಚ್ಚಿದರು. ಹಿಂದಿನ ಗಾಲಿಗೆ ಹೊಸ ಸ್ಪೋಕ್ ಕಡ್ಡಿಗಳನ್ನು ಅಳೆದು, ಎರಡು ಕಟ್ಟು ಮಾಡಿ, ಪೇಪರಿನಲ್ಲಿ ಸುತ್ತಿಟ್ಟರು. ಮರುದಿನ ಬೆಳಿಗ್ಗೆ ಬಚ್ಚಲಿಂದ ಬರುವಾಗ ಕುಸಿದು ಬಿದ್ದರು.

ದಾವಣಗೆರೆಯ ಆಸ್ಪತ್ರೆಯಿಂದ ಹನ್ನೆರಡು ದಿನಕ್ಕೆ ಮನೆಗೆ ಬಂದಾಗ ಬಲಗೈ ಜೋತುಬಿದ್ದಿತ್ತು. ಬಾಯಲ್ಲಿ ಉಳಿದದ್ದು ಒಂದೇ ಮಾತು: "ಬ್ಯಾಡ." ನೀರು ಕೊಟ್ಟರೆ "ಬ್ಯಾಡ" ಎಂದು ಗಟಗಟ ಕುಡಿಯುತ್ತಿದ್ದರು. ಮಗಳು ಅರ್ಚನಾ ಫೋನಿನಲ್ಲಿ "ಅಪ್ಪಾ, ಆರಾಮದೀಯಾ?" ಎಂದರೆ "ಬ್ಯಾಡ, ಬ್ಯಾಡ" ಎಂದು ಅಳುತ್ತಿದ್ದರು. ಒಳಗೆ ಎಲ್ಲ ತಿಳಿಯುತ್ತದೆ, ಮಾತು ಮಾತ್ರ ಹೊರಬರುವುದಿಲ್ಲ, ಮುಂದೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದರು.

ಅಮೃತಾ ನೋಡಲು ಬಂದಳು. "ಅಮ್ಮಾ, ಸೈಕಲ್ ಚಿಂತಿ ಬಿಡ್ರಿ. ಅಣ್ಣನ ಗಾಡಿ ಐತಿ, ನಡೀತೈತಿ," ಎಂದಳು. ಅವಳು ಹೋದ ಮೇಲೆ ವೀರಭದ್ರಯ್ಯ ಎಡಗೈ ಎತ್ತಿ ಪಡಸಾಲೆಯತ್ತ ತೋರಿಸಿದರು. ಹೆಂಡತಿ ನೀಲಗಂಗಮ್ಮ ಕುರ್ಚಿ ಹೊರಗೆ ಹಾಕಿ ಅವರನ್ನು ಕೂರಿಸಿದಳು. ಅವರು ಸಾಮಾನಿನ ರಾಶಿ ತೋರಿಸಿದರು, ಆಮೇಲೆ ಅವಳನ್ನು.

"ನಾನೇನ್ರಿ? ನನಗೇನ್ ಬರ್ತೈತಿ?"

ಮೂವತ್ತೊಂದು ವರ್ಷ ಆ ಪಡಸಾಲೆಯ ಕಸ ಗುಡಿಸಿದ್ದಳು, ಒಂದು ದಿನವೂ ನಟ್ಟು ಬಿಗಿಯುವ ಪಾನಾ ಹಿಡಿದಿರಲಿಲ್ಲ. ಆದರೂ ಕೂತಳು. ಅವರು ಕಾಲ ಬೆರಳಿನಿಂದ ತೋರಿಸುವರು, ಅವಳು ಎತ್ತಿಕೊಳ್ಳುವಳು. ತಪ್ಪಿದ್ದರೆ "ಬ್ಯಾಡ", ಸರಿಯಿದ್ದರೂ "ಬ್ಯಾಡ". ಸರಿಯಿದ್ದಾಗಿನದು ಸ್ವಲ್ಪ ಮೆತ್ತಗಿರುತ್ತದೆ ಎಂದು ವಾರದೊಳಗೆ ಕಂಡುಕೊಂಡಳು. ಹ್ಯಾಂಡಲ್ ಕೂತಿತು, ಮುಂದಿನ ಗಾಲಿ ಕೂತಿತು, ಬ್ರೇಕ್ ಹಿಡಿಯಿತು. ಸುಖವಾಗಿದ್ದ ದಿನಗಳೆಂದರೆ ಅವೇ.

ಆಮೇಲೆ ಹಿಂದಿನ ಗಾಲಿ. ಕಡ್ಡಿಗಳಿಗೆ ತುಕ್ಕು ಹತ್ತಬಾರದೆಂದು ಅವಳು ಎರಡೂ ಕಟ್ಟು ಬಿಚ್ಚಿ, ಎಣ್ಣೆ ಒರೆಸಿ, ಒಂದೇ ಡಬ್ಬಿಗೆ ಸುರಿದಳು. ವೀರಭದ್ರಯ್ಯ "ಬ್ಯಾಡ! ಬ್ಯಾಡ!" ಎಂದು ಕುರ್ಚಿಯಿಂದ ಏಳಲು ಹೋದರು. ಚಳಿಯಾಯಿತೇನೋ ಎಂದುಕೊಂಡು ಅವಳು ಶಾಲು ತಂದು ಹೊದಿಸಿದಳು.

ಮುಂದಿನ ಗಾಲಿಯನ್ನು ನೋಡಿ ನೋಡಿ ಒಂದೊಂದೇ ಕಡ್ಡಿ ಹೆಣೆದಳು. ನಾಲ್ಕು ದಿನ ಹಿಡಿಯಿತು. ತಿರುಗಿಸಿದರೆ ರಿಮ್ಮು ಹಾವಿನಂತೆ ಹೊರಳಿತು. ಬಿಚ್ಚಿ ಮತ್ತೆ ಕಟ್ಟಿದಳು. ಮೂರನೆಯ ಸಲವೂ ಅದೇ. ಪ್ರತಿ ಕಡ್ಡಿಗೂ ಅವರು ಕುರ್ಚಿಯ ಕೈ ಬಡಿಯುತ್ತಿದ್ದರು.

"ಏನ್ ತಪ್ಪಾಗೇತಿ ಹೇಳ್ರಿ! ನನ್ನ ಕಡಿಂದ ಆಗಂಗಿಲ್ರಿ!"

ಪಾಟಿ, ಬಳಪ ಕೊಟ್ಟಳು. ಎಡಗೈ ಎರಡು ಗೀಟು ಎಳೆಯಿತು. ಎರಡೇ ಗೀಟು, ಪಕ್ಕಪಕ್ಕ. ಅವಳು ಪಾಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಏನೂ ಹೊಳೆಯಲಿಲ್ಲ. ಅವರು ಬಳಪ ಎಸೆದುಬಿಟ್ಟರು.

ಕೂಡ್ಲಿಗಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅಂಜಿನಿ ಪರಿಚಯದವನು.

"ಅಂಜಿನಿನ ಕರೀಲೇನ್ರಿ?"

"ಬ್ಯಾಡ."

"ಖರೇನ ಬ್ಯಾಡ ಅಂತೀರೋ, ಕರಿ ಅಂತೀರೋ?"

"ಬ್ಯಾಡ."

ಮೆತ್ತಗೂ ಇರಲಿಲ್ಲ, ಗಟ್ಟಿಯೂ ಇರಲಿಲ್ಲ. ಸಂಜೆಯವರೆಗೆ ಅವರ ಮುಖ ನೋಡಿದಳು. ಮರುದಿನ ಫೋನ್ ಮಾಡಿಬಿಟ್ಟಳು.

ಅಂಜಿನಿ ಬಂದು ಅಯ್ಯನವರ ಕಾಲು ಮುಟ್ಟಿ ಕೂತ. ಗಾಲಿ ತಿರುವಿ ನೋಡಿದ. ನಾಲ್ಕು ಕಡ್ಡಿ ಬಿಚ್ಚಿ ಅಂಗೈ ಮೇಲೆ ಜೋಡಿಸಿದ.

"ಅಮ್ಮಾರ, ಇವು ಎರಡು ಅಳತಿ ಅದಾವ್ರಿ. ಗೇರಿನ ಕಡಿಗೆ ಗಿಡ್ಡನವು, ಆಚಿಗೆ ಉದ್ದನವು. ಎಲ್ಲಾ ಕಲೆತುಬಿಟ್ಟಾವು."

ವ್ಯತ್ಯಾಸ ಒಂದು ಅಕ್ಕಿಕಾಳಿನ ದಪ್ಪದಷ್ಟು. ನೀಲಗಂಗಮ್ಮ ಗೋಡೆ ಹಿಡಿದು ಕೂತಳು.

"ಡಬ್ಬಿಗೆ ಸುರಿಯೋವಾಗ ಇದನ್ನ ಹೇಳಾಕ ಒದ್ದಾಡಿದ್ರೇನ್ರಿ? ನಾ ಶಾಲು ಹೊದಿಸಿದೆನಲ್ರಿ..."

ವೀರಭದ್ರಯ್ಯ ಮುಖ ಆಚೆ ತಿರುಗಿಸಿದರು.

ಅಂಜಿನಿ ಎರಡು ತಾಸಿನಲ್ಲಿ ಗಾಲಿ ಮುಗಿಸಿದ. "ನೋಡ್ರಿ ಅಯ್ಯಾರ, ಸರಿ ಐತಾ?" ಎಂದು ಅವರ ಮುಂದೆ ಹಿಡಿದು ತಿರುವಿದ. ಗಾಲಿ ನೆಟ್ಟಗೆ ತಿರುಗಿತು. ಅವರ ಕಣ್ಣು ಮಾತ್ರ ಗಾಲಿಯ ಮೇಲಿರಲಿಲ್ಲ, ಅಂಜಿನಿಯ ಬಲಗೈ ಮೇಲಿತ್ತು.

ಸಂಕ್ರಾಂತಿಗೆ ಎರಡು ದಿನ ಮುಂಚೆ ಅಮೃತಾ ಸೈಕಲ್ ಒಯ್ದಳು. ವಾರದ ಮೇಲೆ ಬಂದು, "ದಿಬ್ಬ ಹತ್ತಿದ್ದ ಗೊತ್ತ ಆಗವಲ್ದು ನೋಡ್ರಿ," ಎಂದು ಖುಷಿಯಿಂದ ಹೇಳಿದಳು. ಅಷ್ಟರಲ್ಲಿ ವೀರಭದ್ರಯ್ಯ ಪಡಸಾಲೆಗೆ ಬರುವುದನ್ನೇ ಬಿಟ್ಟಿದ್ದರು. ಕುರ್ಚಿ ಹೊರಗೆ ಹಾಕಿದರೆ ಒಳಗಿನ ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದರು.

ನೀಲಗಂಗಮ್ಮ ಈಗ ಪಂಕ್ಚರ್ ಹಾಕುತ್ತಾಳೆ, ಚೈನು ಬಿಗಿಯುತ್ತಾಳೆ. ಗಾಲಿಯ ಕೆಲಸ ಬಂದರೆ ಕೂಡ್ಲಿಗಿಗೆ ಕಳಿಸುತ್ತಾಳೆ. ಮೊನ್ನೆ ತಂಬ್ರಹಳ್ಳಿಯವನೊಬ್ಬ ಹಳೆಯ ಸೈಕಲ್ ತಂದು, ಬರುವ ಚಳಿಗೆ ಇದನ್ನು ಹೊಸದು ಮಾಡಿಕೊಡುತ್ತೀರಾ ಎಂದು ಕೇಳಿದ. "ಅವರನ್ನ ಕೇಳ್ಬೇಕು, ತಡೀರಿ," ಎಂದು ಒಳಗೆ ಹೋದಳು. ಗೋಡೆಯ ಕಡೆ ತಿರುಗಿ ಮಲಗಿದ್ದ ಗಂಡನ ಬೆನ್ನಿನಿಂದ ಜಾರಿದ್ದ ಶಾಲನ್ನು ಮೇಲೆಳೆದಳು. ಕೇಳದೆಯೇ ಹೊರಗೆ ಬಂದು, ಆಗುವುದಿಲ್ಲ ಎಂದು ಹೇಳಿ ಕಳಿಸಿದಳು.