ಅರಿಶಿನದಕ್ಕನ ಸಹಿ

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿದ್ದ ಅರಿಶಿನದಕ್ಕ ಕುದಿಯುವ ಕೊಪ್ಪರಿಗೆಯ ಮುಂದೆ ಕಣ್ಣು ಮುಚ್ಚಿ, ಮೂಗೆತ್ತಿ, ಅರಿಶಿನ ಬೆಂದಿತೇ ಎಂಬುದನ್ನು ಹಬೆಯ ವಾಸನೆಯಿಂದಲೇ ಹೇಳುತ್ತಿದ್ದರು. “ಮೂಗ್ನ ಕೇಳು ಕಣಮ್ಮಿ, ಗಡಿಯಾರ ಬುಡು” ಎಂಬುದು ಅವರ ನಿತ್ಯದ ಮಾತು. ಕೃಷಿ ಆ್ಯಪ್ ಮಾಡುವ ಕಂಪನಿಯೊಂದು ಮೂರು ದಿನ ಅವರನ್ನು ಪ್ರಶ್ನಿಸಿ, ಎಲ್ಲವನ್ನೂ ಬರೆದುಕೊಂಡು ಹೋಯಿತು.

ಮುಂದಿನ ತಿಂಗಳು ಅದೇ ಕಂಪನಿ ಚಾಮರಾಜನಗರದಲ್ಲಿ ರೈತರಿಗೆ ತರಬೇತಿ ಏರ್ಪಡಿಸಿತು. ಅಕ್ಕನೂ ನಾನೂ ಹೋದೆವು. ಪರದೆಯ ಮೇಲೆ ‘ಮೂಗನ್ನು ಕೇಳಿ, ಗಡಿಯಾರ ಬಿಡಿ’ ಎಂಬ ಅಕ್ಕನ ಮಾತುಗಳೇ “ನಮ್ಮ ತಜ್ಞರ ಸಂಶೋಧನೆ”ಯಾಗಿ ಮೆರೆಯುತ್ತಿದ್ದವು. ಈ ಕಳ್ಳತನಕ್ಕೆ ಹೊಣೆ ಯಾರೆಂದು ಕೇಳಲು ನಾನು ಏಳುವಷ್ಟರಲ್ಲಿ ಅಕ್ಕ ಎದ್ದಾಗಿತ್ತು.

“ಈ ತಜ್ಞರ ಮೂಗು ಯಾರ್ದು ಸ್ವಾಮಿ?”

ಸಭೆ ಬಿದ್ದು ಬಿದ್ದು ನಕ್ಕಿತು. ತರಬೇತುದಾರ ತಡವರಿಸುತ್ತ, “ಮೊದ್ಲು ಹಾಜರಿಗೆ ಸಹಿ ಹಾಕಮ್ಮ” ಎಂದು ಹಾಳೆ ಚಾಚಿದ. ಅಕ್ಕ ಹಾಳೆಯಲ್ಲಿ ಕಲಿಯಲು ಬಂದವರ ಹೆಸರಿನ ಸಾಲುಗಳನ್ನೆಲ್ಲ ದಾಟಿ, ಕೊನೆಯಲ್ಲಿ “ತರಬೇತುದಾರರು” ಎಂದಿದ್ದ ಜಾಗದಲ್ಲಿ ಅವನ ಹೆಸರಿನ ಮೇಲೆಯೇ ದೊಡ್ಡದಾಗಿ ಸಹಿ ಮಾಡಿದರು. ಪೆನ್ನನ್ನು ಅವನ ಜೇಬಿಗೆ ಸಿಕ್ಕಿಸಿ, “ಕೂತ್ಕೊ ಮಗ, ಪಾಠ ಶುರು ಮಾಡನ” ಎಂದರು.

ಅವನು ನಿಜಕ್ಕೂ ಕುಳಿತ. ಮುಂದಿನ ಸಾಲಿನಲ್ಲಿ, ಅಕ್ಕ ಬಿಟ್ಟೆದ್ದ ಕುರ್ಚಿಯಲ್ಲೇ!