ಗಿರಿಜಮ್ಮ ಸಿಸ್ಟರ್ ಎರಡನೇ ದಿನವೇ ನೋಡಿದ್ದರು

ಹುಟ್ಟಿದ ಕೂಸನ್ನು ನೋಡಲು ಬಂದವರೆಲ್ಲ ಮೂಗು ಯಾರದು, ಬಣ್ಣ ಯಾರದು ಎಂದು ಪಂಚಾಯ್ತಿಗೆ ಕೂರುತ್ತಾರೆ. ಗಿರಿಜಮ್ಮ ಸಿಸ್ಟರ್ ಮಾತ್ರ ಕಿಟಕಿ ಮುಚ್ಚಿ, ಲೈಟು ಆರಿಸಿ, ಹಾಸಿಗೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತುಬಿಡುತ್ತಿದ್ದರು. ಕೂಸು ತಾನಾಗಿ ಕಣ್ಣು ಬಿಡುವ ತನಕ ಅಲ್ಲಾಡುತ್ತಿರಲಿಲ್ಲ. ಹೊರಗೆ ಡಾಕ್ಟರು ಕೂಗಲಿ, ಆಯಾ ಬೈಯಲಿ, “ಕಣ್ ಬುಡಪ್ಪ ದೊರೆ, ನಂಗೇನ್ ಅವಸ್ರ ಇಲ್ಲ” ಎಂದು ಕೂಸಿನ ಜೊತೆಗೇ ಮಾತು. ಬಿಟ್ಟ ಕೂಡಲೇ, ಹಿಂದೆ ಇದ್ದ ಡಾಕ್ಟರೊಬ್ಬರು ಕೊಟ್ಟುಹೋಗಿದ್ದ ಸಣ್ಣ ಬೆಳಕಿನ ಸಾಧನವನ್ನು ತಮ್ಮ ಕಣ್ಣಿಗೆ ಒತ್ತಿ ಹಿಡಿದು ಅದರೊಳಗಿಂದ ಇಣುಕುತ್ತಿದ್ದರು. ಎರಡು ಪಾಪೆಯೂ ಕೆಂಪಗೆ ಹೊಳೆಯಬೇಕು. “ಕೊಟ್ಗೆಲಿ ಬ್ಯಾಟ್ರಿ ಬುಟ್ರೆ ಹಸಿನ ಕಣ್ಣು ಮಿಂಚಲ್ವಾ, ಹಂಗೇಯ. ಮಿಂಚ್ಲಿಲ್ಲ ಅಂದ್ರೆ ಒಳಗೇನೋ ಅಡ್ಡ ಐತೆ ಅಂತ” ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಇದನ್ನು ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದೇ ಅವರ ಸಿಟ್ಟು. ಕೂಸಿನ ತೂಕ ಬರೆಯಲು ಜಾಗ ಐತೆ, ಚುಚ್ಚುಮದ್ದು ಬರೆಯಲು ಜಾಗ ಐತೆ, ಕಣ್ಣು ಬರೆಯಲು ನಮ್ಮ ರಿಜಿಸ್ಟರಿನಲ್ಲಿ ಒಂದು ಗೆರೆಯೂ ಇಲ್ಲವಲ್ಲ ಎಂದು ಗೊಣಗಿ, ಅಂಚಿನಲ್ಲಿ ತಾವೇ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳುತ್ತಿದ್ದರು.

ನಾನು ಬಾಣಾವರದಲ್ಲಿ ಆರೋಗ್ಯ ವಿಮೆ ಮಾಡಿಸುವ ಏಜೆಂಟು. ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ, ಒಂದು ಮೇಜು, ಮಿಕ್ಕಿದ್ದೆಲ್ಲ ಬಾಯಿ. ಸಿಸ್ಟರ್ ಬಸ್ಸಿಗೆ ಕಾಯುವಾಗ ನನ್ನ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದರು. “ಏನ್ ಏಜೆಂಟ್ರೇ, ನಿಮ್ ಪಾಲಿಸೀಲಿ ಹುಟ್ಟಿದ್ ಕೂಸು ಮನುಷ್ಯ ಅಲ್ವಾ? ತೊಂಬತ್ ದಿನ ಆಗಗಂಟ ಅದಕ್ಕೆ ಕಾಯ್ಲೆ ಬರಕೂಡ್ದಾ?” ರೂಲ್ಸು ಸಿಸ್ಟರ್, ನಾನು ಮಾಡಿದ್ದಲ್ಲ ಎಂದು ನಗುತ್ತಿದ್ದೆ. ಎಂಥ ನಗು ಅದು! ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನನ್ನ ಮಗಳು ಸಿರಿ ಹುಟ್ಟಿದ್ದು ಅವರ ಆಸ್ಪತ್ರೆಯಲ್ಲೇ. ಎರಡನೇ ದಿನ ಬೆಳಗ್ಗೆ ಸಿಸ್ಟರ್ ವಾರ್ಡಿನಿಂದ ಹೊರಗೆ ಬಂದು ನನ್ನನ್ನು ನಲ್ಲಿಕಟ್ಟೆ ಹತ್ತಿರ ಕರೆದರು. ಮುಖದಲ್ಲಿ ತಮಾಷೆ ಇರಲಿಲ್ಲ.

“ಎಡಗಣ್ಣು ಮಿಂಚ್ತಾ ಇಲ್ಲ ಕಣ್ರೀ. ಪೊರೆ ಇದ್ದಂಗೈತೆ. ತಿಂಗಳೊಪ್ಪತ್ತಿನೊಳಗೆ ತೆಗೆಸ್ಬೇಕು. ತಡ ಆದ್ರೆ ಆಮೇಲೆ ಪೊರೆ ತೆಗೆದ್ರೂ ಆ ಕಣ್ಣು ನೋಡೋದ್ನ ಕಲಿಯಲ್ಲ.”

ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಡಾಕ್ಟರ ಕೈಲಿ ಆಗಲೇ ಚೀಟಿ ಬರೆಸಿಟ್ಟಿದ್ದರು. ಆಪರೇಷನ್ ಅಲ್ಲಿ ಪುಕ್ಕಟೆ. ಒಳಗೆ ಹೋಗಿ ನನ್ನ ಹೆಂಡತಿ ಶೋಭಾಗೂ ಹೇಳುತ್ತೇನೆಂದು ಹೊರಟವರನ್ನು ನಮ್ಮವ್ವ ಅಡ್ಡಗಟ್ಟಿದಳು. ಹಸಿ ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು, ಎದೆಹಾಲು ಇಂಗಿಹೋಗುತ್ತದೆ. ನಮ್ಮ ಕಡೆ ಸಾವಿನ ಸುದ್ದಿಯನ್ನೂ ಬಾಣಂತಿ ಕೋಣೆಗೆ ಬಿಡುವುದಿಲ್ಲ. ಸಿಸ್ಟರಿಗೆ ಇಷ್ಟವಿರಲಿಲ್ಲ. ಈ ವಾರವೇ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲೆ ಸುಮ್ಮನಾದರು.

ನಾನು ಹೋಗಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅರಸೀಕೆರೆ ತಾಲ್ಲೂಕಿನ ಅರ್ಧ ಜನಕ್ಕೆ ವಿಮೆ ಮಾಡಿಸಿದ ನಾನು ನನ್ನ ಮಗಳನ್ನು ಪುಕ್ಕಟೆ ಬೆಡ್ಡಿನ ಮೇಲೆ ಮಲಗಿಸಬೇಕಾ ಎಂಬ ಜಂಬ. ತೊಂಬತ್ತು ದಿನ ಕಳೆದರೆ ಹೆಸರು ಪಾಲಿಸಿಗೆ ಸೇರುತ್ತದೆ, ಒಳ್ಳೆ ಆಸ್ಪತ್ರೆಯಲ್ಲೇ ಮಾಡಿಸೋಣ ಎಂದು ಕ್ಯಾಲೆಂಡರ್ ನೋಡುತ್ತ ಕೂತೆ. ಸಿಸ್ಟರ್ ವಾರವಾರವೂ ಕೇಳಿದರು. ತೋರಿಸಿದೆ, ಡೇಟ್ ಕೊಟ್ಟಿದ್ದಾರೆ ಎಂದೆ. ಅವರೇ ಮನೆಗೆ ಬಂದಾಗ ಕೂಸು ಮಲಗಿದೆ ಎಂದು ಅವ್ವ ಜಗಲಿಯಿಂದಲೇ ಸಾಗಹಾಕಿದಳು. ಒಳಗೆ ಕತ್ತಲೆ ಕೋಣೆ, ಕೂಸಿನ ಕಣ್ಣ ತುಂಬ ಕಾಡಿಗೆ. ಒಂದು ಕಣ್ಣು ಯಾಕೋ ಓಲಾಡುತ್ತದಲ್ಲ ಎಂದು ಶೋಭಾ ಕೇಳಿದರೆ, ಎಳೇ ಕಣ್ಣು ಹಂಗೇ ಕಣೆ ಎಂಬ ನಮ್ಮ ಸಮಾಧಾನ.

ತೊಂಬತ್ತು ದಿನ ಕಳೆಯಿತು. ಹುಟ್ಟಿನಿಂದಲೇ ಬಂದ ದೋಷಕ್ಕೆ ವಿಮೆ ಅನ್ವಯಿಸುವುದಿಲ್ಲ ಎಂದು ಕಂಪನಿ ಒಂದೇ ಸಾಲಿನ ಉತ್ತರ ಕಳಿಸಿತು. ಪಾಲಿಸಿಯಲ್ಲಿ ಅದು ಮೊದಲಿನಿಂದಲೂ ಅಚ್ಚಾಗಿತ್ತು. ಜನರಿಗೆ ಸಹಿ ಹಾಕಿಸುವಾಗ ನಾನು ಸರಕ್ಕನೆ ತಿರುವುತ್ತಿದ್ದ ಪುಟದಲ್ಲಿ.

ಓಡಿದ್ದು ಮತ್ತೆ ಸಿಸ್ಟರ್ ಹತ್ತಿರಕ್ಕೇ. ಕೂಸನ್ನು ತೊಡೆ ಮೇಲೆ ಹಾಕಿಕೊಂಡು ನೋಡಿದರು. ನನ್ನನ್ನು ಒಂದು ಮಾತೂ ಕೇಳದೆ, ರಜೆ ಬರೆದುಕೊಟ್ಟು ಮಾರನೇ ದಿನದ ರೈಲಿಗೆ ನಮ್ಮ ಜೊತೆ ಹೊರಟರು. ಶೋಭಾಗೆ ನಾನು ಹೇಳಿದ್ದು ಇಷ್ಟೇ: ಕಣ್ಣಲ್ಲಿ ಏನೋ ಇದೆಯಂತೆ, ಈಗ ಗೊತ್ತಾಯಿತು.

ಬೆಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಹುಟ್ಟಿದಾಗ ಯಾರೂ ನೋಡಲಿಲ್ಲವೇ ಎಂದು ಕೇಳಿದರು. ಶೋಭಾ ನನ್ನ ಮುಖ ನೋಡಿದಳು. ಸಿಸ್ಟರ್ ಕೂಸಿನ ಬಟ್ಟೆಯ ಚೀಲ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು.

“ಇಲ್ಲ ಸಾರ್, ಅಲ್ಲಿ ಯಾರೂ ನೋಡ್ಲಿಲ್ಲ” ಎಂದೆ.

ಸಿಸ್ಟರ್ ಒಂದು ಸಲ ನನ್ನ ಕಡೆ ತಿರುಗಿದರು. ಆಮೇಲೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. ಶೋಭಾ ಅಲ್ಲೇ, ಎಲ್ಲರೆದುರಿಗೇ, ಎಲ್ಲ ಕೂಸುಗಳ ಕಣ್ಣು ನೋಡುತ್ತೀರಂತೆ, ನನ್ನ ಮಗಳದು ಮಾತ್ರ ಬೇಡವಾಯಿತಾ ಎಂದು ಅವರ ಮೇಲೆ ಕೂಗಾಡಿದಳು.

ಪೊರೆ ತೆಗೆದರು. ಕಣ್ಣು ನೋಡುವುದನ್ನು ಕಲಿಯಲಿಲ್ಲ. ಆಪರೇಷನ್ ಮುಗಿಸಿ ವಾಪಸ್ ಬರುವಾಗಲೇ ರೈಲಿನ ಬಾಗಿಲ ಹತ್ತಿರ ಸಿಸ್ಟರ್ ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತಾಡಿಸಿದರು. “ಅವ್ಳು ಇನ್ನೂ ಬಾಣಂತಿ. ಇನ್ಮುಂದೆ ನಿನ್ ಮುಖ ನೋಡ್ಕಂಡೇ ಬಾಳ್ಬೇಕು. ಅದಕ್ಕೆ ಸುಮ್ಕಿದ್ದೆ. ನಿನ್ ಮೇಲಿನ್ ಮರುಕಕ್ಕಲ್ಲ.”

ಆಮೇಲೆ ಅವರು ಯಾವ ಗಂಡಸಿನ ಮಾತನ್ನೂ ನಂಬಲಿಲ್ಲ. ಅತ್ತೆಯರು ಎಷ್ಟೇ ಬಾಯಿ ಮಾಡಿದರೂ ಕಣ್ಣಿನ ವಿಷಯವನ್ನು ನೇರವಾಗಿ ತಾಯಿಗೇ ಹೇಳಿ, ಅವಳ ಕೈಯಲ್ಲೇ ಸಹಿ ಹಾಕಿಸಿಕೊಳ್ಳುತ್ತಿದ್ದರು. ಹುಟ್ಟಿದ ಪ್ರತಿ ಕೂಸಿನ ಕಣ್ಣನ್ನೂ ಮನೆಗೆ ಕಳಿಸುವ ಮುಂಚೆ ನೋಡಲೇಬೇಕು, ಮೊದಲ ದಿನದಿಂದಲೇ ವಿಮೆ ಸಿಗಬೇಕು ಎಂದು ಅರ್ಜಿ ಬರೆದು, ಅರಸೀಕೆರೆ, ಬೇಲೂರು, ಎಲ್ಲಿ ಅಧಿಕಾರಿಗಳ ಸಭೆ ನಡೆದರೂ ಹೋಗಿ ಕೊಟ್ಟುಬರುತ್ತಿದ್ದರು. ಮೇಲಕ್ಕೆ ಕಳಿಸಿದ್ದೇವಮ್ಮ ಎನ್ನುತ್ತಿದ್ದರು ಸಾಹೇಬರು. ನರ್ಸಮ್ಮನಿಗೆ ಅಷ್ಟು ಮೇಲೆ ಹತ್ತಲು ಆಗುತ್ತದೆಯೇ?

ರಿಟೈರಾದ ಮೇಲೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ತಮ್ಮನ ಮನೆ ಸೇರಿದರು. ಸಕ್ಕರೆ ಕಾಯಿಲೆಗೆ ಕಾಲು ಬಾತಿತ್ತು. ಹೋದ ವರ್ಷ ನಾನೊಬ್ಬನೇ ಸ್ಕೂಟರಿನಲ್ಲಿ ಹೋಗಿ, ತಪ್ಪಾಯಿತು ಸಿಸ್ಟರ್ ಎಂದು ಅತ್ತೆ. ಅಳುವುದಕ್ಕೆ ಬಿಟ್ಟರು, ಸಮಾಧಾನ ಮಾಡಲಿಲ್ಲ.

“ನನ್ ಮುಂದೆ ಅತ್ತು ಏನ್ ಬಂತಪ್ಪ? ನಂಗೆ ಗೊತ್ತಿರೋದೇ ತಾನೇ. ಗೊತ್ತಿಲ್ದೋಳು ನಿನ್ ಮನೇಲವ್ಳೆ. ಅಲ್ ಹೋಗಿ ಅಳು.”

ಹೇಳುತ್ತೇನೆ ಎಂದು ಅವರಿಗೆ ಇನ್ನೊಂದು ಸಲ ಮಾತು ಕೊಟ್ಟು ಬಂದೆ.

ಕಾರ್ತಿಕದಲ್ಲಿ ಅವರ ತಮ್ಮ ಫೋನ್ ಮಾಡಿದರು, ಅಕ್ಕ ಹೋದಳು ಎಂದು. ಶೋಭಾ ಅವರೆಕಾಯಿ ಸುಲಿಯುತ್ತಿದ್ದಳು. ಸಿರಿ ಎಂದಿನಂತೆ ಕತ್ತು ಓರೆ ಮಾಡಿಕೊಂಡು, ಕಾಣುವ ಒಂದು ಕಣ್ಣನ್ನು ಪುಸ್ತಕಕ್ಕೆ ಹತ್ತಿರ ಹಿಡಿದು ಓದುತ್ತಿದ್ದಳು. ವಿಷಯ ಹೇಳಿದೆ. ಶೋಭಾ ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟಳು.

“ಸತ್ತೋರನ್ನ ಆಡ್ಕೋಬಾರ್ದು. ಆದ್ರೂ ಅವತ್ತು ಆಯಮ್ಮ ಒಂದ್ ಸಲ ನೋಡಿದ್ದಿದ್ರೆ ನಮ್ ಮಗಳ ಕಣ್ಣು ಉಳೀತಿತ್ತು, ಅಲ್ವಾ ರೀ?”

ಹೂಂ ಎಂದೆ.