ಬಟ್ ಹಾಕಬೇಕಾದಲ್ಲಿ ಆ್ಯಂಡ್

'ಹ್ಯಾಂಡ್ ಮಡ್, ಬಟ್ ಮೌತ್ ಕರ್ಡ್.'

ಯಾಲಾಲ್ ಕಡೆಯಿಂದ ಬರುವ ಏಳನೇ ತರಗತಿಯ ಹುಡುಗಿ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದಳು. ನಿಮ್ಮ ಮನೆಯಲ್ಲಿ ಆಡುವ ಗಾದೆಯೊಂದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಪ್ರಶ್ನೆ ಕೊಟ್ಟವಳು ನಾನೇ. ಕೈ ಕೆಸರಾದರೆ ಬಾಯಿ ಮೊಸರು. ನಮ್ಮ 'ಆದರೆ' ಎರಡೆರಡು ಕೆಲಸ ಮಾಡುತ್ತದೆ. 'ಮಳೆ ಆದರೆ ಬರುವುದಿಲ್ಲ' ಎನ್ನುವಾಗ ಒಂದು, 'ಬರುತ್ತೇನೆ, ಆದರೆ ತಡವಾಗುತ್ತದೆ' ಎನ್ನುವಾಗ ಇನ್ನೊಂದು. ಹುಡುಗಿ ಒಂದರ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಿದ್ದಳು. ನಾನು ಕಲಿಸಿದ ಕಾಮಾ ಮಾತ್ರ ಬಟ್‌ಗೆ ಮುಂಚೆ ಅಚ್ಚುಕಟ್ಟಾಗಿ ಕುಳಿತಿತ್ತು. ಅದಕ್ಕೆ ಅರ್ಧ ಅಂಕ ಕೊಡಬೇಕೋ ಬೇಡವೋ ತಿಳಿಯದೆ ಕೆಂಪು ಪೆನ್ನು ಕೆಳಗಿಟ್ಟೆ.

ತೆಲಂಗಾಣದ ಗಡಿಯ ತಾಂಡೂರಿನ ಈ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರು. ಆ್ಯಂಡ್, ಬಟ್, ಆರ್, ಸೋ ಎಂಬ ಈ ನಾಲ್ಕು ಚಿಕ್ಕ ಮಾತುಗಳು ನನ್ನ ಆಯುಷ್ಯವನ್ನು ಅರ್ಧ ತಿಂದಿವೆ. ನಿಯಮ ಏನೂ ಕಷ್ಟದ್ದಲ್ಲ. ಎರಡು ಪೂರ್ತಿ ವಾಕ್ಯಗಳನ್ನು ಈ ಮಾತಿನಿಂದ ಜೋಡಿಸಿದರೆ, ಮಾತಿಗೆ ಮುಂಚೆ ಒಂದು ಕಾಮಾ ಹಾಕಬೇಕು. ಹಿಂದಿನದು ಪೂರ್ತಿ ವಾಕ್ಯವಾಗಿದ್ದು ಮುಂದಿನದು ಬರೀ ತುಂಡಾಗಿದ್ದರೆ ಕಾಮಾ ಬೇಡ. ಇಷ್ಟೇ. ಗಿಣಿಗೆ ಹೇಳಿದ ಹಾಗೆ ಹೇಳುತ್ತೇನೆ. ಮಕ್ಕಳು ಮಾತ್ರ ಉಸಿರು ಬಿಟ್ಟಲ್ಲೆಲ್ಲ ಕಾಮಾ ಹಾಕುತ್ತಾರೆ. ನೆಗಡಿಯಾದ ಹುಡುಗನ ಪ್ರಬಂಧದಲ್ಲಿ ಕಾಮಾಗಳು ಜಾಸ್ತಿ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಅವರ ಕಾಮಾಗಳ ಕಥೆಯೂ ಅದೇ.

ತಪ್ಪು ಮಕ್ಕಳದ್ದೂ ಅಲ್ಲ. 'ಎದ್ದು, ಮಾರಿ ತೊಳಕೊಂಡು, ರೊಟ್ಟಿ ತಿಂದು ಸಾಲಿಗಿ ಬಂದೆ' ಎನ್ನುವ ಮಗುವಿಗೆ ಜೋಡಿಸುವ ಮಾತೇ ಬೇಕಿಲ್ಲ. ಕ್ರಿಯಾಪದವೇ ಮುಂದಿನದರ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ಅದೇ ಮಗುವಿಗೆ ಇಂಗ್ಲಿಷ್ ಕೊಟ್ಟರೆ ಒಂದೋ ನಾಲ್ಕು ಆ್ಯಂಡ್ ಸುರಿಯುತ್ತದೆ, ಇಲ್ಲವೇ ಒಂದೂ ಇಲ್ಲದೆ ನಾಲ್ಕು ಕಾಮಾ ಚೆಲ್ಲುತ್ತದೆ. ಪ್ರತಿ ಜೂನ್ ತಿಂಗಳಲ್ಲಿ ಹೊಸದಾಗಿ ಶುರು ಮಾಡುತ್ತೇನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ.

ಇಷ್ಟು ಸಾಲದೆಂದು ಆ ವರ್ಷ ತವರುಮನೆಯಲ್ಲೂ ಇದೇ ಗೋಳು ಎದುರಾಯಿತು. ನನ್ನ ತಂಗಿಗೆ ನಾರಾಯಣಖೇಡದಿಂದ ಗಂಡು ಬಂದಿತ್ತು. ಅವಳು ಜಹೀರಾಬಾದಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ರೂಮು ಮಾಡಿಕೊಂಡಿದ್ದು, ಭಾನುವಾರ ಊರಿಗೆ ಬರುತ್ತಿದ್ದಳು. ಹುಡುಗನದು ನಾರಾಯಣಖೇಡದಲ್ಲಿ ಗೊಬ್ಬರ ಮತ್ತು ಬೀಜದ ಅಂಗಡಿ. ನಮ್ಮವರೇ, ಲಿಂಗಾಯತರು, ಮನೆಮಾತು ಕನ್ನಡವೇ. ನೋಡಿ ಹೋದರು. ಹುಡುಗ ಇವಳನ್ನು, ರಕ್ತ ನೋಡಿ ನಿಮಗೆ ತಲೆ ತಿರುಗುವುದಿಲ್ಲವೇ ಎಂದು ಕೇಳಿದನಂತೆ. ಇವಳು, ನಿಮಗೆ ಯೂರಿಯಾ ವಾಸನೆಗೆ ತಿರುಗುವುದಿಲ್ಲವೇ ಎಂದಳಂತೆ. ಇಬ್ಬರೂ ನಕ್ಕರಂತೆ. ಒಳಗೆ ಬಂದವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಅವಳಿಗೆ ಹುಡುಗ ಬೇಕಾಗಿದ್ದ. ಕೆಲಸವೂ ಬೇಕಾಗಿತ್ತು. ನಾರಾಯಣಖೇಡದಿಂದ ದಿನಾ ಬಸ್ಸಿಗೆ ಹೋಗಿ ಬರುತ್ತೇನೆ, ಕೆಲಸ ಮಾತ್ರ ಬಿಡುವುದಿಲ್ಲ ಎಂದು ಅವತ್ತೇ ಅಪ್ಪನಿಗೆ ಹೇಳಿಬಿಟ್ಟಳು.

ಒಪ್ಪಿಗೆಯನ್ನು ಬರೆದೇ ಕಳಿಸಬೇಕೆಂದು ನಡುವೆ ನಿಂತಿದ್ದ ಸೋದರಮಾವನ ಹಟ. "ಬಾಯಿಲೆ ಹೇಳಿದ್ರ ನಾಳಿ ಮಾತಿಗಿ ಮಾತು ಬೆಳೀತದ. ಬರದು ವಾಟ್ಸಾಪ್ ಮಾಡ್ರಿ, ಅಂಗ್ರೇಜಿದಾಗ" ಎಂದ. ಕನ್ನಡದಲ್ಲಿ ಯಾಕೆ ಬೇಡ ಎಂದರೆ, ಅವರ ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಎಲ್ಲರದೂ ತೆಲುಗು ಶಾಲೆ. ತೆಲುಗಿನಲ್ಲಿ ಬರೆಯಬಹುದಲ್ಲ ಎಂದರೆ, ಓದಿದ ಮನೆತನ, ಚೆನ್ನಾಗಿ ಕಾಣುವುದಿಲ್ಲವಂತೆ. ನಮ್ಮ ಕಡೆ ಹೀಗೆಯೇ. ಮಾತು ಕನ್ನಡ, ಓದು ತೆಲುಗು, ಮರ್ಯಾದೆ ಇಂಗ್ಲಿಷ್. ಸೇಡಂ ಕಡೆಯ ಅವ್ವ ಕೂರಿಸಿಕೊಂಡು ತಿದ್ದಿಸಿದ್ದಕ್ಕೆ ನನಗಿಷ್ಟು ಕನ್ನಡ ಅಕ್ಷರ ಬರುತ್ತದೆ, ಅಷ್ಟೇ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಪಡಸಾಲೆಯ ಫರಸಿ ಕಲ್ಲಿನ ಮೇಲೆ ಕುಳಿತರು. ಫೋನು ನನ್ನ ಕೈಗೆ ಬಂತು. ಹೇಳಬೇಕಾದದ್ದು ಎರಡೇ ಮಾತು. ನಮಗೆ ಹುಡುಗ ಒಪ್ಪಿಗೆ. ನಮ್ಮ ಹುಡುಗಿ ಕೆಲಸ ಮುಂದುವರಿಸುತ್ತಾಳೆ. ಎರಡೂ ಪೂರ್ತಿ ವಾಕ್ಯ, ನಡುವೆ ಕಾಮಾ. ಅಲ್ಲಿಯವರೆಗೆ ಯಾರದೂ ತಕರಾರಿಲ್ಲ. ಕಾಮಾದ ಮುಂದೆ ಯಾವ ಮಾತು ಎಂಬಲ್ಲಿ ಜಗಳ ಹತ್ತಿತು.

"ಬಟ್ ಹಾಕಕ್ಕಾ" ಎಂದಳು ತಂಗಿ.

"ಏ, ಬಟ್ ಬ್ಯಾಡ" ಎಂದು ಮಾವ ಕೈಯೆತ್ತಿದ. "ಬಟ್ ಅಂದ್ರ ಆದ್ರ. ಲಗ್ನದ ಮಾತಿನ್ಯಾಗ ಆದ್ರ ಬಂತಂದ್ರ ಮುರೀತು ಅಂತ ತಿಳಿ. ಆ್ಯಂಡ್ ಹಾಕು. ಸುಮ್ನ ಹಂಗೇ ದಾಟಿ ಹೋಗ್ತದ."

"ಹಂಗೇ ದಾಟಬಾರ್ದು ಮಾಮಾ. ಅವರಿಗಿ ತಿಳೀಬೇಕು. ಆ್ಯಂಡ್ ಅಂದ್ರ ಉಪ್ಪು ಆ್ಯಂಡ್ ಖಾರ. ನಾ ಶರತ್ತು ಹಾಕಾಕತ್ತೀನಿ."

"ಸೋ ಹಾಕ್ರಿ" ಎಂದರು ಅಪ್ಪ, ಬಹಳ ಶಾಂತವಾಗಿ.

ಅಪ್ಪನದು ಕಲ್ಲಿನ ವ್ಯಾಪಾರ. ಹೈದರಾಬಾದಿನ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವಾಗ ಎರಡು ಮಾತಿಗೊಂದು ಸೋ ಎನ್ನುತ್ತಾರೆ. ಮಾಲು ಲೋಡಾಗಿದೆ ಸೋ, ಲಾರಿ ಹೊರಟಿಲ್ಲ ಸೋ. ಹುಡುಗ ಒಪ್ಪಿಗೆ, ಆದ್ದರಿಂದ ಹುಡುಗಿ ಕೆಲಸಕ್ಕೆ ಹೋಗುತ್ತಾಳೆ ಎಂದರೆ ಏನರ್ಥ ಬರುತ್ತದೆ ಎಂದು ವಿವರಿಸಲು ಹೋದೆ. "ಅರ್ಥ ಯಾರು ನೋಡ್ತಾರವ್ವಾ, ಕೇಳಾಕ ಛಂದ ಇರಬೇಕು" ಎಂದುಬಿಟ್ಟರು. ವರ್ಷಗಟ್ಟಲೆ ಬೇರೆಯವರ ಮಕ್ಕಳಿಗೆ ಕಲಿಸಿದ ವಿದ್ಯೆ ಸ್ವಂತ ಅಪ್ಪನ ಮುಂದೆ ಮೂರು ಕಾಸಿನದಾಯಿತು.

ನಿಜ ಹೇಳಬೇಕೆಂದರೆ ಬಟ್ ಎಂಬುದೇ ಸರಿ ಎಂದು ನನಗೆ ಗೊತ್ತಿತ್ತು. ನನ್ನದೇ ತರಗತಿಯಲ್ಲಾಗಿದ್ದರೆ ಆ್ಯಂಡ್ ಹಾಕಿದವರಿಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ ಮಾವನ ಮಾತಿಗೆ ನನಗೂ ಅಂಜಿಕೆ ಹುಟ್ಟಿತು. ಇಷ್ಟು ಚೆನ್ನಾಗಿರುವ ಸಂಬಂಧ ಮೂರಕ್ಷರದ ಒಂದು ಮಾತಿನಿಂದ ತಪ್ಪಿಹೋದರೆ? 'ವಿ ಲೈಕ್ ದ ಬಾಯ್, ಆ್ಯಂಡ್ ಅವರ್ ಗರ್ಲ್ ವಿಲ್ ಕಂಟಿನ್ಯೂ ಹರ್ ಜಾಬ್' ಎಂದು ಒತ್ತಿ ಕಳಿಸಿಬಿಟ್ಟೆ. ತಂಗಿ ಎದ್ದು ಒಳಗೆ ಹೋದಳು. ಪಾತ್ರೆಗಳ ಸಪ್ಪಳದಲ್ಲೇ ಅವಳ ಸಿಟ್ಟು ತಿಳಿಯುತ್ತಿತ್ತು.

ಮೂರು ದಿನ ಉತ್ತರವಿಲ್ಲ. ಬುಧವಾರ ಉತ್ತರ ಬಂತು. ತಂಗಿ ರಜೆ ಹಾಕಿ ಬಂದಿದ್ದಳು, ಕಾರಣ ಹೇಳಲಿಲ್ಲ. ನಾನು ಶಾಲೆ ಮುಗಿಸಿ ತವರುಮನೆಗೆ ಹೋಗುವಷ್ಟರಲ್ಲಿ ಅಪ್ಪ ಕನ್ನಡಕ ಏರಿಸಿಕೊಂಡು ಫೋನು ಹಿಡಿದು ಕಾಯುತ್ತಿದ್ದರು. ಬಂದದ್ದು ಇಷ್ಟು: 'ವಿ ಆಲ್ಸೋ ಲೈಕ್ ದ ಗರ್ಲ್ ಶಿ ಕ್ಯಾನ್ ಡೂ ಜಾಬ್, ಆರ್ ಲೀವ್ ಜಾಬ್, ಆ್ಯಸ್ ಪರ್ ವಿಶ್.'

ನನಗೆ ಮೊದಲು ಕಂಡದ್ದು ತಪ್ಪುಗಳೇ. ಎರಡು ವಾಕ್ಯಗಳ ನಡುವೆ ಜೋಡಿಸುವ ಮಾತೂ ಇಲ್ಲ, ಪೂರ್ಣವಿರಾಮವೂ ಇಲ್ಲ. ಬೇಡವಾದ ಕಡೆ, ಆರ್‌ನ ಹಿಂದೆ, ಕಾಮಾ. ಇವರು ಓದಿದ ಮನೆತನವಂತೆ ಎಂದು ಗೊಣಗಿದೆ. ಅಪ್ಪ "ಒಪ್ಯಾರಲ್ಲ, ಮತ್ತೇನು" ಎಂದು ಫೋನು ಕೆಳಗಿಟ್ಟರು. ತಂಗಿ ಅದನ್ನೆತ್ತಿಕೊಂಡು ಎರಡು ಸಲ ಓದಿದಳು.

"ಈ ಆರ್ ಎಲ್ಲಿಂದ ಬಂತು?" ಎಂದಳು. "ಮಾಡು ಇಲ್ಲಾ ಬಿಡು ಅಂತ ಬರದಾರ. ಆ್ಯಸ್ ಪರ್ ವಿಶ್ ಅಂತ. ಯಾರ ವಿಶ್, ಅಕ್ಕಾ? ಅವರ್ದಾ, ನಂದಾ?"

ಅದು ವಾಕ್ಯದಲ್ಲಿ ಇರಲಿಲ್ಲ. ಆಕೆಯ ಎನ್ನುವ ಹರ್ ಇಲ್ಲ, ನಮ್ಮ ಎನ್ನುವ ಅವರ್ ಕೂಡ ಇಲ್ಲ. ಯಾರದೋ ಮರ್ಜಿ. ಒಂದು ವರ್ಷ ಹೋಗಲಿ, ಆಮೇಲೆ ಬಿಡು ಎನ್ನುವುದಕ್ಕೆ ಇಟ್ಟುಕೊಂಡ ಸಂದಿಯ ಹಾಗೆ ಕಂಡಿತು. ಮಾವನಿಗೆ ಫೋನು ಮಾಡಿದರೆ, "ಲಗ್ನ ಆಗ್ಲಿ ಬಿಡ್ರಿ, ಆಮ್ಯಾಲ ಎಲ್ಲಾ ಹೊಂದಕೋತದ" ಎಂದ. ನನ್ನ ಮದುವೆಯಲ್ಲಿಯೂ ಇದೇ ಮಾವ ಇದೇ ಮಾತು ಆಡಿದ್ದ. ನನ್ನನ್ನು ಜಹೀರಾಬಾದಿಗೆ ಕೊಟ್ಟರು. ಇದೇ ಶಾಲೆಯ ಕೆಲಸ ಬಿಟ್ಟು ಹೋದೆ. ಗಂಡನಿಗೆ ತಾಂಡೂರಿಗೆ ವರ್ಗವಾಗಿ ನಾನು ಮತ್ತೆ ಸೀಮೆಸುಣ್ಣ ಹಿಡಿಯುವಷ್ಟರಲ್ಲಿ ಆರು ವರ್ಷ ಕಳೆದಿದ್ದವು. ಈಗ ಅವನ ಮಾತು ಕೇಳಿ ನನ್ನ ಮೈ ಉರಿಯಿತು. ಬಟ್ ಎಂದೇ ಹಾಕಿ ಇನ್ನೊಂದು ಮೆಸೇಜು ಬರೆಯುತ್ತೇನೆ ಎಂದು ಕೈ ಚಾಚಿದೆ.

ತಂಗಿ ಕೊಡಲಿಲ್ಲ. "ನಿನ್ನ ಅಂಗ್ರೇಜಿ ಸಾಕು" ಎಂದು, ಅಪ್ಪ ಹಾಂ ಹೂಂ ಎನ್ನುವುದರೊಳಗೆ ನೇರವಾಗಿ ಹುಡುಗನ ತಾಯಿಗೇ ಫೋನು ಹಚ್ಚಿದಳು. ಹುಡುಗಿ ತಾನಾಗಿ ಬೀಗರಿಗೆ ಫೋನು ಮಾಡುವುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪ ತಲೆಯ ಮೇಲೆ ಕೈ ಹೊತ್ತರು. ಆಚೆಯ ದನಿ ನಮಗೂ ಕೇಳಲಿ ಎಂದು ಅವಳು ಸ್ಪೀಕರು ಒತ್ತಿದಳು.

"ನಾನ್ರಿ, ತಾಂಡೂರಿಂದ. ಹುಡುಗಿ."

"ಹೇಳವ್ವಾ" ಎಂದಿತು ಆ ಕಡೆಯ ದನಿ.

"ನಿಮ್ಮ ಮೆಸೇಜಿನ್ಯಾಗ ಆ್ಯಸ್ ಪರ್ ವಿಶ್ ಅಂತ ಅದರಿ. ಯಾರ ಮರ್ಜಿರಿ ಅದು?"

"ಅಯ್ಯ! ಮಾಡ್ಲಿ ಬಿಡ್ಲಿ ಆಕಿ ಮರ್ಜಿ ಅಂತ ನಾ ಹೇಳ್ದೆ. ನಮ್ಮ ಅಳಿಯ ಬರದಾನ. ಏನ್ ಬರದಾನೋ ನನಗೇನ್ ತಿಳೀತದ?"

ಮಾಡ್ಲಿ ಬಿಡ್ಲಿ. ದಿನಕ್ಕೆ ಹತ್ತು ಸಲ ಆಡುವ ಮಾತು. ಆ ಅಳಿಯ ಅದನ್ನು ನೆಟ್ಟಗೆ ಎರಡು ತುಂಡು ಮಾಡಿ ನಡುವೆ ಒಂದು ಆರ್ ಇಟ್ಟಿದ್ದ. 'ಆಕಿ' ಎಂಬುದನ್ನು ದಾರಿಯಲ್ಲೇ ಕಳೆದಿದ್ದ. ನಾನು ನಗುವುದರಲ್ಲಿದ್ದೆ. ಅಷ್ಟರಲ್ಲಿ ಆ ತಾಯಿಯ ಮಾತು ಮುಂದುವರಿಯಿತು.

"ನಮಗೂ ನಿಮ್ಮ ಮೆಸೇಜು ತಿಳೀಲಿಲ್ಲವ್ವಾ. ಮೂರು ದಿನ ಅದನ್ನೇ ಮಾತಾಡಿದ್ವಿ. ಹುಡುಗ ಪಸಂದ್, ಮತ್ತ ಹುಡುಗಿ ಕೆಲಸ ಮಾಡ್ತಾಳ ಅಂತ ಇತ್ತು. ನಿನಗ ಮಾಡಾಕ ಮನಸೈತೋ, ಮನಿಯವ್ರು ನಿನ್ನ ಮಾಡಾಕ ಹಚ್ಚ್ಯಾರೋ ಗೊತ್ತಾಗಲಿಲ್ಲ. ಪಾಪ, ಬ್ಯಾಡಾಗಿದ್ರ ಬಿಡ್ಲಿ ಅಂತ ಹಂಗಂದೆ."

ಅವರ ಆರ್ ಹುಟ್ಟಿದ್ದು ನನ್ನ ಆ್ಯಂಡ್‌ನಿಂದ. ಕಾಮಾ ಸರಿಯಾಗಿತ್ತು, ವಾಕ್ಯ ಸರಿಯಾಗಿತ್ತು. ನನ್ನ ತಂಗಿಯ ಹಟ ಮಾತ್ರ ಅದರಲ್ಲಿ ಇರಲಿಲ್ಲ, ನಾನೇ ತೆಗೆದುಹಾಕಿದ್ದೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಮಾತ್ರ ತಿಳಿಯಲಿಲ್ಲ.

"ನನಗ ಬೇಕ್ರಿ ಕೆಲಸ" ಎಂದಳು ತಂಗಿ. "ನಾ ಬಿಡಂಗಿಲ್ರಿ. ನಿಮ್ಮ ಮಗಾನೂ ಬೇಕ್ರಿ."

ಅಪ್ಪ ಎದ್ದು ಅಂಗಳಕ್ಕೆ ಹೋಗಿಬಿಟ್ಟರು. ಆ ಕಡೆಯ ತಾಯಿ ಜೋರಾಗಿ ನಕ್ಕರು. "ಆತು, ಬಿಡಬ್ಯಾಡ. ಮೊದಲ ಬಸ್ಸಿಗಿ ರೊಟ್ಟಿ ಕಟ್ಟಿ ಕೊಡಾಕ ನನ್ನಿಂದ ಆಗಂಗಿಲ್ಲ ನೋಡು. ನನ್ನ ಮಗಗ ಬರ್ತದ, ಅಂವಗೇ ಹಚ್ಚು."

ಫೋನು ಇಟ್ಟ ಮೇಲೆ ತಂಗಿ ಗೋಡೆಗೆ ಒರಗಿ ಕುಳಿತಳು. ಗೆದ್ದವಳ ಹಾಗೆ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿ, ಬಹಳ ಮೆತ್ತಗೆ ಕೇಳಿದಳು: "ನಿನ್ನ ಲಗ್ನದಾಗ ನಿನಗ ಯಾರೂ ಕೇಳಲಿಲ್ಲೇನಕ್ಕಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಇಷ್ಟು ವರ್ಷ ಎಲ್ಲರಿಗೂ ಹಾಗೆಯೇ ಹೇಳಿಕೊಂಡು ಬಂದಿದ್ದೆ.

"ಕೇಳಿದ್ರು" ಎಂದೆ. "ಕೆಲಸ ಬಿಡ್ತೀಯೇನವ್ವಾ ಅಂತ ನಮ್ಮತ್ತಿ ಕೇಳಿದ್ರು. ನಾನೇ ಸುಮ್ನ ಕುಂತಿದ್ದೆ."